ಮೀಟರಣ್ಣನ ಬೆಂಕಿಪೊಟ್ಟಣಗಳು

ನಮ್ಮ ಯಜಮಾನರನ್ನು ಬೀದಿಯವರೆಲ್ಲ ಮೀಟರಣ್ಣ ಎಂದೇ ಕರೆಯುತ್ತಿದ್ದರು. ಮಾಡುತ್ತಿದ್ದದ್ದು ನಲ್ಲಿ ರಿಪೇರಿ. ಯಾರ ಮನೆಯಲ್ಲಿ ನೀರು ಸೋರಿದರೂ, ಬಚ್ಚಲು ಕಟ್ಟಿಕೊಂಡರೂ ಇವರಿಗೆ ಕರೆ ಬರುತ್ತಿತ್ತು. ಹೋದವರು ಮೊದಲೇ ಗೋಡೆ ಒಡೆಯುತ್ತಿರಲಿಲ್ಲ. ಮನೆಯ ಎಲ್ಲ ನಲ್ಲಿಗಳನ್ನೂ ಮುಚ್ಚಿಸಿ, ಹೊರಗೆ ನೀರಿನ ಮೀಟರಿನ ಎದುರು ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂರುತ್ತಿದ್ದರು. ಮೀಟರಿನ ಗಾಜಿನೊಳಗೆ ಒಂದು ಪುಟ್ಟ ಕೆಂಪು ಚಕ್ರ ಇರುತ್ತದೆ. ಎಲ್ಲ ನಲ್ಲಿ ಮುಚ್ಚಿದ ಮೇಲೂ ಅದು ತಿರುಗುತ್ತಿದ್ದರೆ ಒಳಗೆ ಎಲ್ಲೋ ಸೋರುತ್ತಿದೆ ಎಂದು ಲೆಕ್ಕ. ಹದಿನೈದು ನಿಮಿಷ ಕೂತು ಅದನ್ನೇ ನೋಡುತ್ತಿದ್ದರು. ಆಗ ಯಾರೂ ಮಾತಾಡಿಸುವ ಹಾಗಿಲ್ಲ.

"ಏನ್ ಮೀಟರಣ್ಣ, ಕೆಲಸಕ್ಕೆ ಬಂದ್ರೋ ನಿದ್ದೆ ಮಾಡೋಕೆ ಬಂದ್ರೋ" ಎಂದು ಕಾಲೆಳೆಯುವವರಿದ್ದರು.

"ಒಡೆಯೋದು ಐದು ನಿಮಿಷದ ಕೆಲಸ. ಎಲ್ಲಿ ಒಡೀಬೇಕು ಅಂತ ನೋಡ್ತಿದ್ದೀನಿ" ಎನ್ನುತ್ತಿದ್ದರು.

ಇನ್ನೊಂದು ಅಭ್ಯಾಸ ಇತ್ತು. ಪೈಪಿನಿಂದ ಬಂದದ್ದನ್ನು ಚರಂಡಿಗೆ ಎಸೆಯುತ್ತಿರಲಿಲ್ಲ. ಹಳೆ ಪೇಪರಿನ ಮೇಲೆ ಹರವಿ, ಮನೆಯವರನ್ನು ಕರೆದು ತೋರಿಸುತ್ತಿದ್ದರು. ಬಾಚಣಿಗೆಯ ಹಲ್ಲು, ಆಟದ ಕಾರಿನ ಚಕ್ರ, ಒಂದು ಸಲ ಯಾರದೋ ಕಟ್ಟಿಸಿದ ಹಲ್ಲು. "ಇದು ಇಲ್ಲಿಗೆ ಹೇಗೆ ಬಂತು?" ಎಂದು ಕೇಳುತ್ತಿದ್ದರು. ಬೈಯುವುದಕ್ಕಲ್ಲ. ನಿಜವಾಗಿ ಗೊತ್ತಾಗಬೇಕಿತ್ತು ಅವರಿಗೆ. ಹಲ್ಲಿನ ಮನೆಯವರು ಮೂರು ದಿನ ಇವರ ಜೊತೆ ಮಾತು ಬಿಟ್ಟಿದ್ದರು.

ಓದಿದ್ದು ಏಳನೇ ತರಗತಿ. ನಾನು ಐದು. ಮದುವೆಯಾಗಿ ಇಪ್ಪತ್ತಾರು ವರ್ಷ. ಮಕ್ಕಳಾಗಲಿಲ್ಲ. ಅದಕ್ಕೆ ಅವರು ಏನೂ ಅನ್ನಲಿಲ್ಲ, ಯಾರಿಗೂ ಅನ್ನಲು ಬಿಡಲಿಲ್ಲ.

ನಾನು ಬಾಟಲಿ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೆಲಸ ಮಾಡುತ್ತೇನೆ. ಹನ್ನೆರಡು ಜನ ಹೆಂಗಸರು, ಇಬ್ಬರು ಗಂಡಸರು. ಮಧ್ಯಾಹ್ನ ಆರುನೂರು ತಟ್ಟೆ. ನಾನು ಬೆಳಿಗ್ಗೆ ತರಕಾರಿ ಹೆಚ್ಚಿ, ಮಧ್ಯಾಹ್ನ ಅನ್ನ ಬಡಿಸುವ ಕಡೆ ನಿಲ್ಲುತ್ತಿದ್ದೆ. ಅಲ್ಲಿ ಒಂದು ಕಾನೂನು. ತಟ್ಟೆಯಲ್ಲಿ ಕೂದಲು ಸಿಕ್ಕಿದರೆ ತಟ್ಟೆ ವಾಪಸ್ ಬರುತ್ತದೆ. ಮೇಲ್ವಿಚಾರಕಿ ಆ ಕೂದಲನ್ನು ಅಂಟುಟೇಪಿನಿಂದ ಒಂದು ನೋಟ್‌ಬುಕ್ಕಿನಲ್ಲಿ ಅಂಟಿಸಿ ತಾರೀಕು ಬರೆಯುತ್ತಾರೆ. ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಟೋಪಿ ತೆಗೆಸಿ ಹೋಲಿಸಿ ನೋಡುತ್ತಾರೆ. ಮೂರು ಸಲ ಒಬ್ಬಳದೇ ಆದರೆ ಕೆಲಸದಿಂದ ಹೊರಗೆ. ದೊಡ್ಡ ಅಡುಗೆಯವನ ತಲೆ ಬೋಳು. ಸಾಲಿನಲ್ಲಿ ಅವನೊಬ್ಬ ನಗುತ್ತಾ ನಿಲ್ಲುತ್ತಿದ್ದ.

ನನ್ನ ಕೂದಲನ್ನು ಗುರುತು ಹಿಡಿಯುವುದು ಸುಲಭ. ಬಣ್ಣ ಹಚ್ಚುವುದನ್ನು ಬಿಟ್ಟಿದ್ದೆ. ಬುಡ ಬಿಳಿ, ತುದಿ ಕಪ್ಪು. ಹಾಗೆ ಇದ್ದವಳು ನಾನೊಬ್ಬಳೇ. ಎರಡು ತಿಂಗಳಲ್ಲಿ ಎರಡು ಸಲ ಸಿಕ್ಕಿತು.

"ಇನ್ನೊಂದು ಸಲ ಆದ್ರೆ ನನ್ನ ಕೈಲಿ ಏನೂ ಇರಲ್ಲ. ನೋಡ್ಕೋ" ಎಂದರು ಮೇಲ್ವಿಚಾರಕಿ.

ನೋಡಿಕೊಳ್ಳುವುದು ಏನು? ಬಾಚಣಿಗೆ ಹಾಕಿದರೆ ಮುಷ್ಟಿ ತುಂಬ ಬರುತ್ತಿತ್ತು. ದಿಂಬಿನ ಮೇಲೆ, ಸೋಪಿನ ಮೇಲೆ, ಸೀರೆಯ ಬೆನ್ನಿನ ಮೇಲೆ. ಬೈತಲೆ ಅಗಲವಾಗಿ ನೆತ್ತಿ ಬೆಳ್ಳಗೆ ಕಾಣುತ್ತಿತ್ತು. ಒಂದರ ಮೇಲೊಂದು ಎರಡು ಟೋಪಿ ಹಾಕಿಕೊಂಡು ಹೋಗುತ್ತಿದ್ದೆ. ಆದರೂ ಅನ್ನ ಬಡಿಸುವಾಗ ಕಣ್ಣು ತಟ್ಟೆಯ ಮೇಲೇ. ಪ್ರತಿ ಅಗುಳೂ ಕೂದಲಿನ ಹಾಗೆ ಕಾಣುತ್ತಿತ್ತು.

ಮನೆಯಲ್ಲಿ ಹೇಳಿರಲಿಲ್ಲ. ಅವರಿಗೆ ಹೇಳಿದವರು ಯಾರೂ ಅಲ್ಲ, ನಮ್ಮ ಬಚ್ಚಲಿನ ಜಾಲರಿ.

ಪ್ರತಿ ಭಾನುವಾರ ಬಚ್ಚಲಿನ ಜಾಲರಿ ಎತ್ತಿ ತೊಳೆಯುವುದು ಅವರ ಕೆಲಸ. ಊರವರ ಬಚ್ಚಲು ತೊಳೆದು ನಮ್ಮದು ಕಟ್ಟಿಕೊಂಡರೆ ನಾಚಿಕೆಗೇಡು ಎನ್ನುತ್ತಿದ್ದರು. ಒಂದು ಭಾನುವಾರ ಜಾಲರಿಯನ್ನು ಹಿಡಿದುಕೊಂಡೇ ಅಡುಗೆಮನೆಗೆ ಬಂದರು.

"ಏ, ಇದೆಲ್ಲಾ ನಿಂದಾ?"

"ಮತ್ತೆ ನಿಮ್ಮದಾ? ನಿಮ್ಮ ತಲೇಲಿ ಏನಿದೆ ಉದುರೋಕೆ?"

ಅವರು ನಗಲಿಲ್ಲ. ಹಳೆ ಪೇಪರ್ ಹಾಸಿ ಕೂದಲನ್ನು ಹರವಿದರು. ಕಸ, ಸೋಪಿನ ಪಸೆ ಎಲ್ಲ ತೊಳೆದು ಬಿಸಿಲಿಗೆ ಇಟ್ಟರು. ಒಣಗಿದ ಮೇಲೆ ಉಂಡೆ ಮಾಡಿ ಖಾಲಿ ಬೆಂಕಿಪೊಟ್ಟಣದಲ್ಲಿ ತುಂಬಿದರು. ಪೊಟ್ಟಣದ ಮೇಲೆ ಪೆನ್ಸಿಲಿನಲ್ಲಿ ತಾರೀಕು ಬರೆದು ಕಿಟಕಿಯ ಮೇಲೆ ಇಟ್ಟರು. ಮುಂದಿನ ವಾರ ಇನ್ನೊಂದು. ಅದರ ಮುಂದಿನ ವಾರ ಇನ್ನೊಂದು. ನಾಲ್ಕನೇ ವಾರದ ಪೊಟ್ಟಣ ಮುಚ್ಚಲೇ ಇಲ್ಲ. ಕೂದಲು ಒಳಗಿನಿಂದ ತಳ್ಳುತ್ತಿತ್ತು.

ಎರಡು ಮನೆ ಆಚೆ ಇರುವ ನನ್ನ ನಾದಿನಿ ಬಂದು ನೋಡಿ ಮೂಗು ಮುಚ್ಚಿಕೊಂಡಳು. "ಏನಣ್ಣ ಇದು? ಹೆಂಡತಿ ಕೂದಲಿಗೆ ಮ್ಯೂಸಿಯಮ್ ಮಾಡ್ತಿದ್ದೀಯಾ? ಟಿಕೆಟ್ ಎಷ್ಟು?"

"ನಿನಗೆ ಪುಕ್ಕಟೆ. ನೋಡು, ವಾರವಾರಕ್ಕೂ ಜಾಸ್ತಿ ಆಗ್ತಿದೆ."

"ಅತ್ತಿಗೆ ಎಣ್ಣೆ ಹಾಕಲ್ಲ, ಅದಕ್ಕೇ. ನಾನು ತಂದುಕೊಟ್ಟ ಬಾಟಲಿ ಹಾಗೇ ಇದೆ."

ನಾದಿನಿಗೆ ಯಾವ ರೋಗಕ್ಕೂ ಒಂದೇ ಮದ್ದು, ಎಣ್ಣೆ. ಅವಳು ಕೊಟ್ಟ ಬಾಟಲಿಗಳು ಏಳು ಇದ್ದವು. ಎರಡನ್ನು ಹಚ್ಚಿ ನೋಡಿದ್ದೆ. ಕೂದಲು ಉದುರುವುದು ನಿಲ್ಲಲಿಲ್ಲ. ಉದುರಿದ ಕೂದಲು ಹೊಳೆಯುತ್ತಿತ್ತು, ಅಷ್ಟೇ.

ಆವತ್ತೇ ಕ್ಯಾಂಟೀನಿನ ವಿಷಯ ಹೇಳಿದೆ. ಎರಡು ಸಲ ಸಿಕ್ಕಿದೆ, ಮೂರನೆಯದಕ್ಕೆ ಕೆಲಸ ಹೋಗುತ್ತದೆ ಎಂದೆ. ಅವರು ಎದ್ದು ಬಚ್ಚಲಿನಿಂದ ಬಕೆಟ್ ತಂದರು. ಅದರ ತಳ ತೋರಿಸಿದರು. ಕಂದು ಬಣ್ಣದ ಬಳೆಯಂಥ ಗೆರೆ ಕಟ್ಟಿತ್ತು.

"ನೋಡಿದ್ಯಾ? ತುಕ್ಕು. ಟ್ಯಾಂಕಿನಿಂದ ಬಚ್ಚಲಿಗೆ ಬರೋದು ಹಳೇ ಕಬ್ಬಿಣದ ಪೈಪು. ನೀರಲ್ಲಿ ಕಬ್ಬಿಣ ಜಾಸ್ತಿ ಆಗಿದೆ. ಅದೇ ನಿನ್ನ ಕೂದಲು ತಿಂತಿದೆ."

ನಲ್ಲಿ ರಿಪೇರಿಯವರಿಗೆ ಎಲ್ಲದಕ್ಕೂ ನೀರೇ ಕಾರಣ. ನಾನೂ ಒಪ್ಪಿದೆ. ಎರಡು ಭಾನುವಾರ ಗೋಡೆ ಒಡೆದರು. ಹಳೆ ಕಬ್ಬಿಣದ ಪೈಪನ್ನು ತುಂಡು ತುಂಡು ಮಾಡಿ ತೆಗೆದರು. ಒಳಗೆ ತುಕ್ಕು ಕಟ್ಟಿ ಬೆರಳು ತೂರುವಷ್ಟೂ ಜಾಗ ಇರಲಿಲ್ಲ. "ಸಿಕ್ಕಿದ ನೋಡು ಕಳ್ಳ" ಎಂದರು. ಹೊಸ ಪ್ಲಾಸ್ಟಿಕ್ ಪೈಪು ಬಂತು. ನೀರು ಜೋರಾಗಿ ಬಂತು, ಕನ್ನಡಿಯ ಹಾಗೆ ಬಂತು. ಬಚ್ಚಲಿನಲ್ಲಿ ನಿಂತು ಅವರು ಅದನ್ನು ಕೈಯಲ್ಲಿ ಹಿಡಿದು ಹಿಡಿದು ನೋಡಿದರು.

ಬೆಂಕಿಪೊಟ್ಟಣ ಇಡುವುದನ್ನು ನಿಲ್ಲಿಸಲಿಲ್ಲ. ಆರು ವಾರ ಆಯಿತು. ಪೈಪು ಬದಲಿಸುವ ಮೊದಲಿನ ಆರು ಪೊಟ್ಟಣ ಒಂದು ಕಡೆ, ಆಮೇಲಿನ ಆರು ಇನ್ನೊಂದು ಕಡೆ ಜೋಡಿಸಿ, ಒಂದೊಂದನ್ನೇ ತೆಗೆದು ಒತ್ತಿ ನೋಡಿದರು. ವ್ಯತ್ಯಾಸ ಇರಲಿಲ್ಲ.

"ಪಾಪ, ಪೈಪಿನದು ತಪ್ಪಿರಲಿಲ್ಲ" ಎಂದರು. ತಮ್ಮ ತಪ್ಪನ್ನು ಅಷ್ಟು ಸಲೀಸಾಗಿ ಒಪ್ಪಿಕೊಳ್ಳುವ ಗಂಡಸನ್ನು ನಾನು ಬೇರೆ ನೋಡಿಲ್ಲ. ಗೋಡೆಗೆ ಬಳಿದ ಸಿಮೆಂಟು ಈಗಲೂ ಬೇರೆ ಬಣ್ಣದಲ್ಲಿ ಕಾಣುತ್ತದೆ.

ಆ ವಾರ ಆರೋಗ್ಯ ಕೇಂದ್ರದಲ್ಲಿ ಕೈ ತೊಳೆಯುವ ನಲ್ಲಿ ಕೆಟ್ಟಿತ್ತು. ರಕ್ತ ತೆಗೆಯುವ ಕೋಣೆ. ಅಲ್ಲಿನ ನರ್ಸಮ್ಮ ಗಟ್ಟಿ ಗಂಟಲಿನವರು, ಯಾರಿಗೂ ಹೆದರುವವರಲ್ಲ. ಇವರು ನಲ್ಲಿ ಸರಿಮಾಡಿ, ಸಾಮಾನಿನ ಚೀಲದಿಂದ ಎರಡು ಬೆಂಕಿಪೊಟ್ಟಣ ತೆಗೆದು ಮೇಜಿನ ಮೇಲೆ ಇಟ್ಟರಂತೆ. ಅಲ್ಲಿ ಆದ ಮಾತನ್ನು ಬಂದು ನನಗೆ ಒಂದು ಅಕ್ಷರ ಬಿಡದೆ ಹೇಳಿದರು.

"ಇಲ್ಲಿ ಬೀಡಿ ಸೇದೋ ಹಾಗಿಲ್ಲ" ಎಂದರಂತೆ ನರ್ಸಮ್ಮ.

"ಬೀಡಿ ಅಲ್ಲ ಮೇಡಂ. ನನ್ನ ಹೆಂಡತಿ ಕೂದಲು. ಇದು ಪೈಪು ಬದಲಾಯಿಸೋ ಮುಂಚೆ, ಇದು ಆದಮೇಲೆ."

ನರ್ಸಮ್ಮ ಪೊಟ್ಟಣ ತೆರೆದು ನೋಡಿ, ನಕ್ಕು, ಆಮೇಲೆ ನಗುವುದನ್ನು ನಿಲ್ಲಿಸಿದರಂತೆ. "ನಿಮ್ಮ ಮನೆಯವರಿಗೆ ಮೆಟ್ಟಿಲು ಹತ್ತಿದ್ರೆ ಏದುಸಿರು ಬರುತ್ತಾ?"

"ಬರುತ್ತೆ. ವಯಸ್ಸಾಯ್ತು ಅಂತಾಳೆ."

"ಎಷ್ಟು ವಯಸ್ಸು?"

"ನಲವತ್ತಾರು."

"ಅದು ಏದುಸಿರು ಬಿಡೋ ವಯಸ್ಸಾ? ಐಸು, ಮಣ್ಣು, ಹಸಿ ಅಕ್ಕಿ, ಸೀಮೆಸುಣ್ಣ, ಇಂಥದ್ದೇನಾದ್ರೂ ತಿನ್ನೋ ಚಟ ಇದೆಯಾ?"

ಸಂಜೆ ಮನೆಗೆ ಬಂದವರೇ ಬಾಗಿಲಲ್ಲೇ ನಿಂತು ಕೇಳಿದರು. "ನೀನು ಐಸ್ ತಿಂತೀಯಾ?"

ನನಗೆ ಕಳ್ಳತನ ಮಾಡಿ ಸಿಕ್ಕಿಬಿದ್ದ ಹಾಗಾಯಿತು. ಕ್ಯಾಂಟೀನಿನ ಫ್ರೀಜರಿನಲ್ಲಿ ಮೀನು ಇಡಲು ಐಸ್ ಒಡೆದು ಇಟ್ಟಿರುತ್ತಾರೆ. ಅದರಲ್ಲಿ ಒಳ್ಳೆಯ ತುಂಡು ಆರಿಸಿ ದಿನಕ್ಕೆ ಎರಡು ಲೋಟ ಕಡಿಯುತ್ತಿದ್ದೆ. ಮನೆಯಲ್ಲಿ ಅಕ್ಕಿ ಆರಿಸುವಾಗ ಒಂದೊಂದು ಹಿಡಿ ಬಾಯಿಗೆ. ಒಂದು ವರ್ಷದಿಂದ. ಯಾಕೆ ಎಂದು ನನಗೇ ಗೊತ್ತಿರಲಿಲ್ಲ. ಯಾರಿಗೂ ಹೇಳಿರಲಿಲ್ಲ, ಹೇಳುವಂಥ ವಿಷಯವೂ ಅಲ್ಲ.

"ನಿಮಗೆ ಯಾರು ಹೇಳಿದ್ದು?"

"ರಕ್ತದಲ್ಲಿ ಕಬ್ಬಿಣ ಕಮ್ಮಿ ಆದವರು ಐಸ್ ತಿಂತಾರಂತೆ. ಯಾಕೆ ಅಂತ ಅವರಿಗೂ ಪೂರ್ತಿ ಗೊತ್ತಿಲ್ವಂತೆ. ವಿಚಿತ್ರ ಅಲ್ವಾ?" ಅವರ ಕಣ್ಣು ಹೊಳೆಯುತ್ತಿತ್ತು. "ನಾನು ಕಬ್ಬಿಣ ಜಾಸ್ತಿ ಅಂತ ಗೋಡೆ ಒಡೆದೆ. ನಿನ್ನಲ್ಲಿ ಕಬ್ಬಿಣವೇ ಇಲ್ಲ."

ನಾದಿನಿ ಅಲ್ಲೇ ಇದ್ದಳು. "ಹಾಗಾದ್ರೆ ಹಳೇ ಪೈಪಿನ ನೀರೇ ಕುಡಿಸಬೇಕಿತ್ತು ಅಣ್ಣ. ಸುಮ್ಮನೆ ಕಿತ್ತು ಹಾಕಿದೆ."

ಅದನ್ನೂ ನರ್ಸಮ್ಮನ ಹತ್ತಿರ ಕೇಳಿಕೊಂಡು ಬಂದಿದ್ದರು. ತುಕ್ಕನ್ನು ಹೊಟ್ಟೆ ಅರಗಿಸುವುದಿಲ್ಲವಂತೆ.

ಮರುದಿನ ರಕ್ತ ಕೊಟ್ಟೆ. ಎರಡು ಪರೀಕ್ಷೆ. ಒಂದು ಹಿಮೋಗ್ಲೋಬಿನ್, ಅದು ಎಂಟು ಮುಕ್ಕಾಲು. ಇನ್ನೊಂದರ ಹೆಸರು ಫೆರಿಟಿನ್. ಅದು ಆರು. ನನಗೆ ಎರಡೂ ಒಂದೇ. ಇವರು ಬಿಡಲಿಲ್ಲ.

"ಎರಡು ಯಾಕೆ ಮೇಡಂ?"

ನರ್ಸಮ್ಮ ಇವರ ಕಸುಬಿನಲ್ಲೇ ಹೇಳಿದರು. "ಹಿಮೋಗ್ಲೋಬಿನ್ ಅಂದ್ರೆ ಪೈಪಲ್ಲಿ ಹರೀತಿರೋದು. ಫೆರಿಟಿನ್ ಅಂದ್ರೆ ಸಂಪಲ್ಲಿ ಉಳಿದಿರೋದು. ಎಷ್ಟೋ ಸಲ ಪೈಪಲ್ಲಿ ನೀರು ಬರ್ತಿರುತ್ತೆ, ಸಂಪು ಖಾಲಿ ಆಗಿರುತ್ತೆ. ಇವರದು ಎರಡೂ ಇಲ್ಲ."

"ಅದಕ್ಕೂ ಕೂದಲಿಗೂ ಏನು?"

"ನೀರು ಕಮ್ಮಿ ಬಂದಾಗ ಕಟ್ಟಡದಲ್ಲಿ ಮೊದಲು ಯಾವ ನಲ್ಲಿ ನಿಲ್ಲುತ್ತೆ?"

"ಮೇಲಿನ ಮಹಡಿದು."

"ಅಷ್ಟೇ. ಹೃದಯ, ಮಿದುಳು ಮೊದಲು. ಕೂದಲು ಕೊನೆಗೆ. ಎಲ್ಲರ ಕೂದಲು ಉದುರೋದಕ್ಕೂ ಇದೇ ಕಾರಣ ಅಂದ್ಕೋಬೇಡಿ. ಥೈರಾಯ್ಡ್ ಇರಬಹುದು, ವಂಶದಿಂದ ಬರಬಹುದು. ಡಾಕ್ಟ್ರು ಅದನ್ನೂ ನೋಡ್ತಾರೆ."

ಡಾಕ್ಟರು ನೋಡಿದರು. ಥೈರಾಯ್ಡ್ ಸರಿಯಿತ್ತು. ಕಬ್ಬಿಣದ ಮಾತ್ರೆ ಕೊಟ್ಟರು. ಅದು ತಿಂದರೆ ಬಾಯಿ ಎಲ್ಲ ತುಕ್ಕಿನ ರುಚಿ. ಮಲ ಕಪ್ಪಗೆ, ಕಲ್ಲಿನ ಹಾಗೆ. ಆದರೂ ಒಂದು ದಿನ ಬಿಡಲಿಲ್ಲ. ಕೆಲಸ ಉಳಿಯಬೇಕಿತ್ತು.

ಒಂದು ತಿಂಗಳ ಮೇಲೆ ಮತ್ತೆ ಪರೀಕ್ಷೆ. ಆರು ಇದ್ದದ್ದು ಏಳು.

"ಮಾತ್ರೆ ಹೇಗೆ ತಗೋತೀರಿ?" ಎಂದರು ನರ್ಸಮ್ಮ.

"ಟೀ ಜೊತೆ. ನೀರಲ್ಲಿ ಇಳಿಯಲ್ಲ."

ನರ್ಸಮ್ಮ ಹಣೆ ಚಚ್ಚಿಕೊಂಡರು. ಟೀ ಕಬ್ಬಿಣವನ್ನು ಒಳಗೆ ಬಿಡುವುದಿಲ್ಲವಂತೆ, ಬಾಗಿಲಲ್ಲೇ ತಡೆಯುತ್ತದಂತೆ. ಊಟದ ಜೊತೆ ಕುಡಿದರೂ ಅಷ್ಟೇ. ನಾನು ದಿನಕ್ಕೆ ಆರು ಲೋಟ. ಬೆಳಗಿನ ತಿಂಡಿಯ ಬದಲಿಗೂ ಅದೇ. ಆವತ್ತಿನಿಂದ ಮಾತ್ರೆಗೆ ನಿಂಬೆಹಣ್ಣಿನ ನೀರು. ಟೀ ಮೂರು ಲೋಟ, ಅದೂ ಊಟ ಆಗಿ ಒಂದು ಗಂಟೆಯ ಮೇಲೆ. ಟೀ ಕಮ್ಮಿ ಮಾಡಿದ್ದಕ್ಕೆ ಎರಡು ವಾರ ನನ್ನ ತಲೆ ಸಿಡಿಯುತ್ತಿತ್ತು.

ಇನ್ನೊಂದು ತಿಂಗಳು ಕಳೆಯಿತು. ಏಳು ಇದ್ದದ್ದು ಒಂಬತ್ತು.

ಮನೆಗೆ ಬಂದು ಚೀಟಿಯನ್ನು ನೆಲದ ಮೇಲೆ ಇಟ್ಟು, ಅದರ ಎದುರು ಇವರು ಗೋಡೆಗೆ ಬೆನ್ನು ಕೊಟ್ಟು ಕೂತರು. ಮೀಟರ್ ನೋಡುವ ಹಾಗೆಯೇ. ನಾನು ತರಕಾರಿ ಹೆಚ್ಚುತ್ತಿದ್ದೆ.

"ಮಾತ್ರೆ ಹೋಗ್ತಿದೆ. ಟೀ ಕಮ್ಮಿ ಆಗಿದೆ. ಊಟ ಸರಿಯಾಗಿದೆ. ಆದ್ರೂ ಸಂಪು ತುಂಬ್ತಿಲ್ಲ" ಎಂದರು. "ಎಲ್ಲೋ ಸೋರ್ತಿದೆ ಕಣೇ."

ನಾನು ಹೆಚ್ಚುತ್ತಲೇ ಇದ್ದೆ.

"ಎಲ್ಲಿ ಸೋರ್ತಿದೆ?"

ಚಾಕು ಕೆಳಗಿಟ್ಟೆ. ಆಮೇಲೆ ಹೇಳಿದೆ. ಎರಡು ವರ್ಷದಿಂದ ಮುಟ್ಟು ತಿಂಗಳಿಗೆ ಹತ್ತು ದಿನ. ಮೊದಲ ನಾಲ್ಕು ದಿನ ಗಂಟೆಗೊಂದು ಸಲ ಬದಲಿಸಬೇಕು. ಕ್ಯಾಂಟೀನಿನಲ್ಲಿ ಕಪ್ಪು ಸೀರೆಯನ್ನೇ ಉಡುತ್ತಿದ್ದೆ. ಅವರು ಏಳುವ ಮೊದಲು ಎಲ್ಲ ಒಗೆದು ಮನೆಯ ಹಿಂದೆ ಒಣಗಿಸುತ್ತಿದ್ದೆ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಎಲ್ಲರಿಗೂ ಹೀಗೇ ಎಂದುಕೊಂಡಿದ್ದೆ. ಇಪ್ಪತ್ತಾರು ವರ್ಷ ಒಂದೇ ಮನೆಯಲ್ಲಿ ಇದ್ದು ಇದನ್ನು ಹೇಳಿರಲಿಲ್ಲ. ನರ್ಸಮ್ಮ ಕೇಳಿದಾಗಲೂ ಇವರು ಪಕ್ಕದಲ್ಲಿ ನಿಂತಿದ್ದರು, "ಎಲ್ಲ ಸರಿಯಾಗಿದೆ" ಎಂದಿದ್ದೆ.

ಅವರು ನನ್ನ ಮುಖ ನೋಡಲಿಲ್ಲ. ಚೀಟಿಯನ್ನೇ ನೋಡುತ್ತಿದ್ದರು.

"ಊರವರ ಮನೇಲಿ ತೊಟ್ಟು ನೀರು ಸೋರಿದ್ರೆ ನನಗೆ ಗೊತ್ತಾಗುತ್ತೆ" ಎಂದರು. ಎದ್ದು ಅಂಗಿ ಹಾಕಿಕೊಂಡರು. "ನಡಿ."

ಆವತ್ತು ಅವರು ಕೋಣೆಯ ಹೊರಗೆ ನಿಂತರು. ನಾನು ಒಳಗೆ ಹೋಗಿ ನರ್ಸಮ್ಮನಿಗೆ ಎಲ್ಲ ಹೇಳಿದೆ. ಸ್ಕ್ಯಾನ್ ಆಯಿತು. ಗರ್ಭಕೋಶದಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ. ಕೆಟ್ಟದ್ದಲ್ಲ ಎಂದರು ದೊಡ್ಡ ಆಸ್ಪತ್ರೆಯ ಡಾಕ್ಟರಮ್ಮ. ತೆಗೆದರು. ಹತ್ತು ದಿನ ರಜೆ ಹಾಕಿದೆ. ಅಡುಗೆ ಇವರದು. ಉಪ್ಪು ಹಾಕಿದ್ದು ಮರೆತು ಇನ್ನೊಂದು ಸಲ ಹಾಕುವ ಅಡುಗೆ. ನಾದಿನಿ ಬಂದು, "ಅಣ್ಣನ ಕೈರುಚಿ ತಿಂದೂ ಬದುಕಿದ್ದೀರಲ್ಲ ಅತ್ತಿಗೆ, ಆಪರೇಷನ್ ಏನು ಮಹಾ" ಎಂದಳು.

ಮುಂದಿನ ತಿಂಗಳು ಮುಟ್ಟು ಐದೇ ದಿನ. ಆದರೆ ಕೂದಲು ಉದುರುವುದು ನಿಂತಿರಲಿಲ್ಲ.

"ಮೇಲಿನ ಮಹಡಿಗೆ ನೀರು ಹತ್ತೋಕೆ ಟೈಮ್ ಬೇಕು. ಮೂರು ನಾಲ್ಕು ತಿಂಗಳು" ಎಂದಿದ್ದರು ನರ್ಸಮ್ಮ.

ಕ್ಯಾಂಟೀನಿನ ನೋಟ್‌ಬುಕ್ಕಿಗೆ ಅಷ್ಟು ತಾಳ್ಮೆ ಇರಲಿಲ್ಲ. ಕೆಲಸಕ್ಕೆ ವಾಪಸ್ ಹೋದ ಎರಡನೇ ವಾರ ಒಂದು ತಟ್ಟೆ ವಾಪಸ್ ಬಂತು. ಅನ್ನದ ಮೇಲೆ ಒಂದು ಕೂದಲು. ಬುಡ ಬಿಳಿ, ತುದಿ ಕಪ್ಪು. ಸಾಲಿನಲ್ಲಿ ನಿಲ್ಲಿಸುವ ಅಗತ್ಯವೇ ಬೀಳಲಿಲ್ಲ.

"ಶನಿವಾರದವರೆಗೆ ಇರು" ಎಂದರು ಮೇಲ್ವಿಚಾರಕಿ. "ಮ್ಯಾನೇಜರ್‌ಗೆ ಬರೆದು ಕಳಿಸ್ತೀನಿ."

ರಕ್ತದ ವಿಷಯ ಹೇಳಿದೆ. ಚೀಟಿ ತೋರಿಸಿದೆ. ಅವರು ಓದಲಿಲ್ಲ. "ಎಲ್ಲರಿಗೂ ಒಂದೊಂದು ಕಷ್ಟ ಇರುತ್ತೆ" ಎಂದರು.

ಮನೆಗೆ ಬಂದು ಹೇಳಿದರೆ ಇವರು ಒಂದು ಮಾತೂ ಆಡಲಿಲ್ಲ. ನನಗೆ ಸಿಟ್ಟು ಬಂತು. ಪೈಪಿನ ಬಗ್ಗೆ ಗಂಟೆಗಟ್ಟಲೆ ಮಾತಾಡುವ ಬಾಯಿ ಈಗ ಯಾಕೆ ಮುಚ್ಚಿತು ಎಂದೆ. "ಯೋಚನೆ ಮಾಡ್ತಿದ್ದೀನಿ" ಎಂದರು.

ಗುರುವಾರ ಕ್ಯಾಂಟೀನಿನ ಹೆಂಗಸರ ಬಚ್ಚಲು ಕಟ್ಟಿಕೊಂಡಿತು. ಅದು ಇವರು ಮಾಡಿದ್ದಲ್ಲ. ನಾನೇ ಅನುಮಾನಪಟ್ಟು ಕೇಳಿದ್ದೇನೆ. ಕೆಲಸ ಮುಗಿದ ಮೇಲೆ ನಾವೆಲ್ಲ ಅಲ್ಲೇ ಮುಖ ತೊಳೆದು ತಲೆ ಬಾಚಿಕೊಂಡು ಹೊರಡುತ್ತೇವೆ. ಎರಡು ವರ್ಷದಿಂದ ಯಾರೂ ಶುಚಿ ಮಾಡಿಸಿರಲಿಲ್ಲ. ನೀರು ಹೊಸಿಲು ದಾಟಿ ಅಡುಗೆಮನೆಗೆ ಬಂತು. ಮೇಲ್ವಿಚಾರಕಿ ಮೀಟರಣ್ಣನಿಗೆ ಫೋನ್ ಮಾಡಿಸಿದರು. ಅವರು ನನ್ನ ಗಂಡ ಎಂದು ಅವರಿಗೆ ಗೊತ್ತಿರಲಿಲ್ಲ.

ಬಂದವರು ನನ್ನ ಕಡೆ ನೋಡಲೂ ಇಲ್ಲ. ಜಾಲರಿ ತೆಗೆದು ಉದ್ದನೆಯ ತಂತಿ ಬಿಟ್ಟು ಎಳೆದರು. ಬಂತು. ಬೆಕ್ಕಿನ ಮರಿಯಷ್ಟು ಗಾತ್ರದ ಕೂದಲಿನ ಗಂಟು. ಇನ್ನೊಂದು ಸಲ ಎಳೆದರು, ಇನ್ನೊಂದು ಗಂಟು. ನೀರು ಗುಳುಗುಳು ಎಂದು ಇಳಿಯಿತು. ಬೇರೆ ಯಾರಾದರೂ ಆಗಿದ್ದರೆ ಅದನ್ನು ಕಸದಬುಟ್ಟಿಗೆ ಹಾಕಿ ಕೈ ತೊಳೆದು ಹೊರಡುತ್ತಿದ್ದರು.

ಇವರು ಅಂಗಳದಲ್ಲಿ ಪೇಪರ್ ಹಾಸಿದರು. ಬಕೆಟ್ಟಿನಲ್ಲಿ ಗಂಟನ್ನು ಜಾಲಾಡಿಸಿ ತೊಳೆದರು. ಬೆರಳಿನಿಂದ ಬಿಡಿಸಿ ಬಿಡಿಸಿ ಹರವಿದರು. ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ಹೆಂಗಸರೆಲ್ಲ ಸುತ್ತ ನಿಂತಿದ್ದರು. ದೊಡ್ಡ ಅಡುಗೆಯವನು ಬಂದು, "ಇದರಲ್ಲಿ ನಂದು ಇಲ್ಲ ಬಿಡಿ" ಎಂದ.

ಇವರು ಎದ್ದು ಮೇಲ್ವಿಚಾರಕಿಯನ್ನು ಕರೆದರು.

"ಮೇಡಂ, ಇದು ನಿಮ್ಮ ಪೈಪಿಂದ ಬಂದಿದ್ದು. ನೋಡಿ. ಇದು ಗುಂಗುರು, ಕರಿದು. ಇದು ನೀಳ, ನೆಟ್ಟಗೆ. ಇದು ಗಿಡ್ಡ. ಇದು ಕೆಂಪು ಬಣ್ಣ ಹಚ್ಚಿದ್ದು. ಬುಡ ಬಿಳಿ, ತುದಿ ಕಪ್ಪು ಇರೋದು ಇಷ್ಟೇ ಇಷ್ಟು. ಅದು ನನ್ನ ಹೆಂಡತಿದು. ಮಿಕ್ಕಿದ್ದು ಯಾರದು?"

ಕ್ಯಾಂಟೀನಿನಲ್ಲಿ ಕೂದಲಿಗೆ ಕೆಂಪು ಬಣ್ಣ ಹಚ್ಚುತ್ತಿದ್ದವರು ಒಬ್ಬರೇ. ಅವರೇ ಎದುರಿಗೆ ನಿಂತಿದ್ದರು. ಕೆಂಪು ಗುಡ್ಡೆ ನನ್ನ ಗುಡ್ಡೆಗಿಂತ ದೊಡ್ಡದಿತ್ತು.

"ನಾನು ಜಗಳಕ್ಕೆ ಬಂದಿಲ್ಲ ಮೇಡಂ" ಎಂದರು ಇವರು. "ನನಗೆ ಗೊತ್ತಾಗಬೇಕು ಅಷ್ಟೇ. ಹನ್ನೆರಡು ಜನದ ತಲೆಯಿಂದ ಇಷ್ಟು ಹೇಗೆ ಬಂತು?"

ಮೇಲ್ವಿಚಾರಕಿ ಬಹಳ ಹೊತ್ತು ಪೇಪರ್ ನೋಡಿದರು. ಟೋಪಿಯ ಅಂಚನ್ನು ಬೆರಳಿನಿಂದ ಒಳಗೆ ತುರುಕಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಆ ಚೀಟಿ ಎಲ್ಲಿ? ಆವತ್ತು ತಂದಿದ್ದೆಯಲ್ಲ" ಎಂದರು.

ಈ ಸಲ ಓದಿದರು. "ಫೆರಿಟಿನ್ ಅಂದ್ರೇನು?" ಎಂದು ಕೇಳಿದರು. ನಾನು ಹೇಳುವ ಮೊದಲೇ ಇವರು ಸಂಪಿನಿಂದ ಶುರು ಮಾಡಿದರು.

ಶನಿವಾರ ನನ್ನನ್ನು ಕಳಿಸಲಿಲ್ಲ. ಬಡಿಸುವ ಕಡೆಯಿಂದ ಪಾತ್ರೆ ತೊಳೆಯುವ ಕಡೆ ಹಾಕಿದರು. "ಕೂದಲು ನಿಲ್ಲೋವರೆಗೆ ಅಲ್ಲಿರು. ಅಲ್ಲಿ ಬಿದ್ರೆ ಯಾರ ಬಾಯಿಗೂ ಹೋಗಲ್ಲ." ಅದು ನ್ಯಾಯವೇ. ಊಟದಲ್ಲಿ ಕೂದಲು ಸಿಕ್ಕಿದರೆ ನನಗೂ ಅಸಹ್ಯ. ಮುಂದಿನ ವಾರ ನರ್ಸಮ್ಮ ಒಂದು ದಿನ ಕ್ಯಾಂಟೀನಿಗೇ ಬಂದು ಎಲ್ಲರ ರಕ್ತ ತೆಗೆದರು. ಹನ್ನೆರಡರಲ್ಲಿ ಏಳು ಜನಕ್ಕೆ ಸಂಪು ಖಾಲಿ. ಮೇಲ್ವಿಚಾರಕಿಗೂ. ಒಬ್ಬಳಿಗೆ ಥೈರಾಯ್ಡ್. ಇನ್ನೊಬ್ಬಳಿಗೆ ಎಲ್ಲವೂ ಸರಿ, ಅವಳ ತಾಯಿಗೂ ಅಜ್ಜಿಗೂ ಕೂದಲು ಹೀಗೇ ಉದುರುತ್ತಿತ್ತಂತೆ.

ಐಸ್ ತಿನ್ನುವ ವಿಷಯ ಕೇಳಿದಾಗ ಐದು ಜನ ತಲೆ ತಗ್ಗಿಸಿದರು. ಒಂದೇ ಫ್ರೀಜರಿನಿಂದ ಕದ್ದು ತಿನ್ನುತ್ತಿದ್ದೆವು, ಒಬ್ಬರ ವಿಷಯ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಮೀನಿನ ಐಸು ಯಾಕೆ ಬೇಗ ಖಾಲಿಯಾಗುತ್ತದೆ ಎಂದು ದೊಡ್ಡ ಅಡುಗೆಯವನಿಗೆ ಆವತ್ತು ತಿಳಿಯಿತು.

ಆಪರೇಷನ್ ಆದ ನಾಲ್ಕನೇ ತಿಂಗಳು ನನ್ನ ಫೆರಿಟಿನ್ ಮೂವತ್ತನಾಲ್ಕು ಬಂತು. ಬೆಂಕಿಪೊಟ್ಟಣ ಸಲೀಸಾಗಿ ಮುಚ್ಚತೊಡಗಿತು. ಆಮೇಲೆ ಅರ್ಧ ಖಾಲಿ. ಐಸ್ ಬೇಡವೆನಿಸಿತು. ಯಾವ ದಿನ ಬಿಟ್ಟೆ ಎಂದು ನೆನಪಿಲ್ಲ. ಹಣೆಯ ಮೇಲೆ, ಬೈತಲೆಯ ಉದ್ದಕ್ಕೂ ಗಿಡ್ಡ ಗಿಡ್ಡ ಕೂದಲು ಎದ್ದು ನಿಂತವು. ಬಾಚಿದರೂ ಕೂರುತ್ತಿರಲಿಲ್ಲ. ಇವರು ಕನ್ನಡಕ ಹಾಕಿಕೊಂಡು ಹತ್ತಿರ ಬಂದು ನೋಡಿದರು. ಅಳತೆಪಟ್ಟಿ ತಂದರು.

"ಪೈಪ್ ಅಳೆಯೋದಲ್ಲವಾ ಅದು?" ಎಂದೆ.

"ಸುಮ್ನೆ ನಿಲ್ಲು. ಒಂದೂವರೆ ಇಂಚು."

ಎಂಟನೇ ತಿಂಗಳು ನನ್ನನ್ನು ಮತ್ತೆ ಬಡಿಸುವ ಕಡೆ ಹಾಕಿದರು.

ಅದಾಗಿ ಮೂರು ತಿಂಗಳಿಗೆ ಅವರು ಹೋದರು. ಒಂದು ಮಂಗಳವಾರ, ಹನ್ನೊಂದು ಗಂಟೆಗೆ. ದೊಡ್ಡ ಬೀದಿಯ ಒಂದು ಮನೆಯಲ್ಲಿ ಎಲ್ಲ ನಲ್ಲಿ ಮುಚ್ಚಿಸಿ ಮೀಟರಿನ ಎದುರು ಕೂತಿದ್ದರು. ಹೃದಯ ನಿಂತಿತು. ಮನೆಯವರು ಮೀಟರ್ ನೋಡುತ್ತಿದ್ದಾರೆ ಎಂದುಕೊಂಡರು. ಆಗ ಮಾತಾಡಿಸಬಾರದು ಎಂದು ಎಲ್ಲರಿಗೂ ಗೊತ್ತು. ಅರ್ಧ ಗಂಟೆ ಯಾರೂ ಹತ್ತಿರ ಹೋಗಲಿಲ್ಲ. ಬೇಗ ನೋಡಿದ್ದರೆ ಉಳಿಯುತ್ತಿದ್ದರೋ ಎಂದು ಡಾಕ್ಟರನ್ನು ಕೇಳಿದೆ. ಇಲ್ಲ ಎಂದರು. ಆ ಮಾತನ್ನು ನಂಬಿಕೊಂಡಿದ್ದೇನೆ.

ಆ ಮನೆಯವರನ್ನೂ ಒಂದು ಮಾತು ಕೇಳಿದೆ. ಚಕ್ರ ತಿರುಗುತ್ತಿತ್ತಾ ಎಂದು. ಅವರು ನೋಡಿರಲಿಲ್ಲ.

ಮೂರು ತಿಂಗಳು ಕಳೆದ ಮೇಲೆ ನನ್ನ ಕೂದಲು ಮತ್ತೆ ಉದುರತೊಡಗಿತು. ಮೊದಲಿನಷ್ಟೇ. ಬಾಚಣಿಗೆ ತುಂಬ, ಜಾಲರಿ ತುಂಬ. ನಾದಿನಿ ನನ್ನ ಪಕ್ಕ ಕೂತು, "ದುಃಖ ಅತ್ತಿಗೆ. ಅತ್ತು ಹಗುರ ಮಾಡ್ಕೊಳಿ, ತಾನೇ ನಿಲ್ಲುತ್ತೆ" ಎಂದಳು. ಈ ಸಲ ಎಣ್ಣೆ ತಂದಿರಲಿಲ್ಲ. ಕ್ಯಾಂಟೀನಿನಲ್ಲೂ ಅದೇ ಮಾತು. ಮೇಲ್ವಿಚಾರಕಿ ನೋಟ್‌ಬುಕ್ಕಿನ ಸುದ್ದಿ ಎತ್ತಲಿಲ್ಲ. ಕನಿಕರದಿಂದ ನೋಡುತ್ತಿದ್ದರು. ಅದು ನೋಟ್‌ಬುಕ್ಕಿಗಿಂತ ಕಷ್ಟ. ನಾನೇ ಕೇಳಿ ಪಾತ್ರೆ ತೊಳೆಯುವ ಕಡೆ ಹೋದೆ.

ದುಃಖವೇ ಇರಬಹುದು. ಆದರೆ ನೋಡದೆ ಹೇಗೆ ಹೇಳುವುದು? ಪೈಪಿನದೇ ತಪ್ಪು ಎಂದು ಅವರೂ ಗೋಡೆ ಒಡೆದಿದ್ದರು. ಅವರು ಹೋದ ಮೇಲೆ ನಾನು ಸರಿಯಾಗಿ ತಿನ್ನುತ್ತಿರಲಿಲ್ಲ. ಟೀ ಮತ್ತೆ ಆರು ಲೋಟ ಆಗಿತ್ತು. ಹಾಗಾಗಿ ಇದು ಕಬ್ಬಿಣವೋ ದುಃಖವೋ ಎಂದು ತಿಳಿಯಬೇಕಿತ್ತು.

ಭಾನುವಾರ ಜಾಲರಿ ಎತ್ತಿದೆ. ಮದುವೆಯಾದಾಗಿನಿಂದ ಅದನ್ನು ನಾನು ಎತ್ತಿದ್ದು ಅದೇ ಮೊದಲು. ಪೇಪರ್ ಹಾಸಿ ಹರವಿದೆ, ತೊಳೆದೆ, ಒಣಗಿಸಿದೆ. ಬೆಂಕಿಪೊಟ್ಟಣದ ಮೇಲೆ ತಾರೀಕು ಬರೆದೆ. ಅವರ ಪೆನ್ಸಿಲು ಸಾಮಾನಿನ ಚೀಲದಲ್ಲೇ ಇತ್ತು. ಸೋಮವಾರ ಹೋಗಿ ರಕ್ತ ಕೊಟ್ಟೆ.

ನರ್ಸಮ್ಮ ಚೀಟಿ ಓದಿ ಹೇಳಿದರು. "ನಲವತ್ತೆಂಟು. ಸಂಪು ತುಂಬಿದೆ."

"ಮತ್ತೆ ಇದು?"

"ದೊಡ್ಡ ಪೆಟ್ಟು ಬಿದ್ದ ಎರಡು ಮೂರು ತಿಂಗಳಿಗೆ ಹೀಗಾಗುತ್ತೆ. ಜ್ವರ, ಹೆರಿಗೆ, ಸಾವು. ಪೆಟ್ಟು ಬಿದ್ದ ದಿನ ಬೇರು ಸಡಿಲ ಆಗುತ್ತೆ, ಉದುರೋದು ಆಮೇಲೆ. ಇದಕ್ಕೆ ಮಾತ್ರೆ ಇಲ್ಲ. ತಾನೇ ನಿಲ್ಲುತ್ತೆ. ಊಟ ಮಾತ್ರ ಬಿಡಬೇಡಿ. ಟೀ ಕಮ್ಮಿ ಮಾಡಿ."

"ಅಂದ್ರೆ ಇದು ಆ ಮಂಗಳವಾರದ್ದು."

"ಹೂಂ" ಎಂದರು ನರ್ಸಮ್ಮ. ನಮ್ಮವರು ಸರಿಮಾಡಿದ್ದ ಆ ಕೋಣೆಯ ನಲ್ಲಿ ಇನ್ನೂ ಒಂದು ತೊಟ್ಟೂ ಸೋರದೆ ನಿಂತಿತ್ತು.

ನಾದಿನಿ ಹೇಳಿದ್ದೇ ಸರಿಯಾಯಿತು. ಅವಳಿಗೆ ಹೇಳಿದೆ. "ಅದಕ್ಕೆ ರಕ್ತ ಬೇರೆ ಕೊಡಬೇಕಿತ್ತಾ ಅತ್ತಿಗೆ? ನೀವೂ ಅಣ್ಣನ ಹಾಗೇ ಆದ್ರಿ" ಎಂದಳು.

ಕಿಟಕಿಯ ಮೇಲೆ ಈಗ ನನ್ನ ಹದಿನಾಲ್ಕು ಪೊಟ್ಟಣಗಳಿವೆ. ಅವರ ಪೊಟ್ಟಣಗಳ ಪಕ್ಕದಲ್ಲೇ ಜೋಡಿಸಿದ್ದೇನೆ. ಅವರ ಅಕ್ಷರ ಚೆಂದ, ನನ್ನದು ಸೊಟ್ಟ. ಅವರು ಅಳೆದ ಒಂದೂವರೆ ಇಂಚಿನ ಕೂದಲು ಈಗ ಕಿವಿ ದಾಟಿದೆ, ಅವು ಉದುರಲಿಲ್ಲ. ಹದಿಮೂರನೇ ವಾರದ ಪೊಟ್ಟಣ ಮುಚ್ಚಿರಲಿಲ್ಲ. ಮೊನ್ನೆ ಭಾನುವಾರ ಹದಿನಾಲ್ಕನೆಯದನ್ನು ಒತ್ತಿದೆ. ಮುಚ್ಚಿತು. ತೆಗೆದು ಇನ್ನೊಂದು ಸಲ ಮುಚ್ಚಿ ನೋಡಿದೆ. ಸಲೀಸಾಗಿ ಮುಚ್ಚಿತು. ಇನ್ನೂ ನಾಲ್ಕು ವಾರ ಹೀಗೇ ಮುಚ್ಚಿದರೆ ಬಡಿಸುವ ಕಡೆ ಹಾಕಿ ಎಂದು ಮೇಲ್ವಿಚಾರಕಿಗೆ ಹೇಳಿದ್ದೇನೆ. ಅವರು ಹೂಂ ಎಂದಿದ್ದಾರೆ.